ಚಂದ್ರಾಮ ಮಿಸ್ತ್ರಿ ಕಾಯ್ದಿಟ್ಟ ಹಳೆಯ ಎಣ್ಣೆ

ನನ್ನ ಕಾರಿನಲ್ಲಿ ಮೊದಲ ಸಲ ಕೂತ ದಿನ ಚಂದ್ರಾಮ ಮಿಸ್ತ್ರಿ ನಿದ್ದೆ ಹೋದರು. ಹಾಗೆಂದು ನಾನು ತಿಳಿದೆ. ಶಹಾಬಾದಿನ ಅವರ ಶೆಡ್ಡಿನಿಂದ ವಾಡಿಯ ರಸ್ತೆಗೆ ತಿರುಗುವಷ್ಟರಲ್ಲಿ ಕಣ್ಣು ಮುಚ್ಚಿದ್ದವು, ತಲೆ ಸೀಟಿಗೆ ಒರಗಿತ್ತು. ಬಲಗೈ ಮಾತ್ರ ನಮ್ಮಿಬ್ಬರ ನಡುವಿನ ಗೇರಿನ ಪಕ್ಕದಲ್ಲಿ, ಮಗುವಿನ ಜ್ವರ ನೋಡುವವರ ಕೈಯಂತೆ ಸುಮ್ಮನೆ ಬಿದ್ದಿತ್ತು. ರೋಗಿಯನ್ನು ತೋರಿಸಲು ಕರೆತಂದರೆ ವೈದ್ಯರೇ ಗೊರಕೆ ಹೊಡೆಯುವುದೇ ಎಂದು ನನಗೆ ಒಳಗೊಳಗೇ ಸಿಟ್ಟು. ರಾವೂರದವರೆಗೆ ಹೋಗಿ ತಿರುಗಿಸಿಕೊಂಡು ಬಂದು, ಶೆಡ್ಡಿನ ಮುಂದೆ ಎಂಜಿನ್ ಆರಿಸಿದೆ. ಆಗ ಅವರು ಕಣ್ಣು ತೆರೆಯದೆಯೇ ಮಾತಾಡಿದರು.

"ಎರಡರಿಂದ ಮೂರಕ್ಕ ಹೋಗುವಾಗ ಜರಾ ತಡೀತದ್ರಿ. ಹೋಗ್ಲೋ ಬ್ಯಾಡೋ ಅಂತದ. ಹನ್ನೊಂದು ಸಲ ಗೇರ್ ಬದಲಾತು, ನಾಕ್ ಸಲ ತಡೀತು. ಎಷ್ಟ್ ದಿನದಿಂದ ಹಿಂಗದ?"

ನಾನು ಸೇಡಂನವಳು. ಚಿಂಚೋಳಿ ಕಡೆಯ ಐನಾಪುರದ ಸರ್ಕಾರಿ ಶಾಲೆಯಲ್ಲಿ ಲೆಕ್ಕ ಕಲಿಸುತ್ತೇನೆ. ಚಿಕ್ಕಂದಿನಲ್ಲಿ ಬಂದ ಪೋಲಿಯೊ ನನ್ನ ಎಡಗಾಲನ್ನು ತೆಳ್ಳಗೆ ಮಾಡಿಟ್ಟು ಹೋಯಿತು. ಮೂವತ್ತು ದಾಟುವವರೆಗೂ ನಾನು ಯಾರದಾದರೂ ಬೆನ್ನು ನೋಡುತ್ತಲೇ ಊರು ಸುತ್ತಿದವಳು. ಮೊದಲು ಅಪ್ಪನ ಸೈಕಲ್ಲಿನ ಹಿಂದೆ, ಆಮೇಲೆ ಅಣ್ಣನ ಬೈಕಿನ ಹಿಂದೆ. ಅವರಿಗೆ ಪುರುಸೊತ್ತಾದಾಗ ನನ್ನ ಪ್ರಯಾಣ. ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡಾಗಿ ಬಂದ ಈ ಬಿಳಿ ಕಾರು, ಕ್ಲಚ್ಚೇ ಇಲ್ಲದ, ಎಡಗಾಲಿಗೆ ಕೆಲಸವೇ ಕೊಡದ ಕಾರು, ನನ್ನ ಮಟ್ಟಿಗೆ ವಾಹನವಲ್ಲ. ಅದನ್ನು ಒಬ್ಬಳೇ ಓಡಿಸಿಕೊಂಡು ಚಿಂಚೋಳಿಗೆ ಹೋದ ದಿನ ತೊಗರಿ ಹೊಲದ ಪಕ್ಕ ನಿಲ್ಲಿಸಿ, ಕಾರಣವಿಲ್ಲದೆ ಇಳಿದು, ಕಾರಣವಿಲ್ಲದೆ ಮತ್ತೆ ಹತ್ತಿದೆ. ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂಬ ಸುಖಕ್ಕೆ.

ಆ ಕಾರು ಗೇರು ಹಾಕಲು ಮೀನಮೇಷ ಎಣಿಸತೊಡಗಿದಾಗ ನನಗೆ ಅನ್ನ ಸೇರಲಿಲ್ಲ. ಅದು ನಿಂತರೆ ಮತ್ತೆ ಅಣ್ಣನ ಬೆನ್ನು. ಸೇಡಂನ ಮೆಕ್ಯಾನಿಕ್ಕುಗಳು ಬಾನೆಟ್ ಎತ್ತಿ ಇಣುಕಿ, "ಆಟೊಮ್ಯಾಟಿಕ್ಕೇನ್ರೀ? ಇದು ನಮಗಾಗಂಗಿಲ್ಲ" ಎಂದು ಮೆಲ್ಲಗೆ ಮುಚ್ಚುತ್ತಿದ್ದರು. ಯಾರೋ ಶಹಾಬಾದಿನ ಮಿಸ್ತ್ರಿಯ ಹೆಸರು ಹೇಳಿದರು.

ಚಂದ್ರಾಮ ಮಿಸ್ತ್ರಿ ಹುಟ್ಟಿದ್ದು ರಾವೂರದಲ್ಲಿ, ಕಲ್ಲಿನ ಖಣಿಯವರ ಮನೆಯಲ್ಲಿ. ಮೀಸೆ ಬಲಿಯುವವರೆಗೆ ಕಲ್ಲು ಒಡೆದು, ಆಮೇಲೆ ಹೈದರಾಬಾದಿಗೆ ಹೋಗಿ ಗೇರ್‌ಬಾಕ್ಸ್ ಬಿಚ್ಚುವ ಕಾರಖಾನೆಯೊಂದರಲ್ಲಿ ಅರ್ಧ ಆಯುಷ್ಯ ಕಳೆದು, ಮರಳಿ ಬಂದು ಶೆಡ್ಡು ಹಾಕಿದವರು. ಉದ್ದ ದೇಹ, ಮಾಸಿದ ಖಾಕಿ ಅಂಗಿ, ದಾರ ಕಟ್ಟಿದ ಕನ್ನಡಕ. ಶೆಡ್ಡಿನ ನೆಲಕ್ಕೆ ಕಲ್ಲು ಹಾಸಿದವರೂ ಅವರೇ. ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುವಂಥ ನೆಲ. ಈ ಜಾತಿಯ ಗೇರಿನ ಎಣ್ಣೆಯನ್ನು ಗಾಡಿ ಬಿಸಿಯಾಗಿ, ಎಂಜಿನ್ ನಡೆಯುತ್ತಿರುವಾಗ, ಸಮನಾದ ನೆಲದ ಮೇಲೆ ಅಳೆಯಬೇಕು ಎನ್ನುವುದು ಅವರ ಮೊದಲ ಪಾಠ.

"ಗಾಡಿ ಸೊಟ್ಟ ನಿಂತ್ರ ಎಣ್ಣಿನೂ ಸೊಟ್ಟನೇ ಮಾತಾಡ್ತದ್ರಿ ಟೀಚರಮ್ಮ."

ಮಟ್ಟ ನೋಡುವ ಕಡ್ಡಿಯನ್ನು ಎಳೆದು, ತುದಿಯ ಒಂದು ಹನಿಯನ್ನು ಬಿಳಿ ಕಲ್ಲಿನ ಚೂರೊಂದರ ಮೇಲೆ ಬೀಳಿಸುತ್ತಿದ್ದರು. ಮೂಸಿ ನೋಡಿ, ಆ ಚೂರಿನ ಮೇಲೆ ಪೆನ್ಸಿಲಿನಿಂದ ಗಾಡಿಯ ಗುರುತು ಬರೆದು, ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಅಲ್ಲಿ ಸಾಲು ಸಾಲು ಚೂರುಗಳು. ಕೆಲವು ಕುಂಕುಮದ ಬಣ್ಣ, ಕೆಲವು ಚಹಾದ ಬಣ್ಣ, ಕೆಲವು ಸುಟ್ಟ ಬೆಲ್ಲ. ಮಧ್ಯಾಹ್ನದ ಹೊತ್ತು ಪಕ್ಕದಲ್ಲಿ ಕಲ್ಲು ಕೊಯ್ಯುವ ಯಂತ್ರ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು, ಸಣ್ಣ ಬಿಳಿ ಧೂಳು ಬಿಸಿಲಿನಲ್ಲಿ ತೇಲಾಡುತ್ತಿತ್ತು, ದೂರದಲ್ಲಿ ಯಾವುದೋ ಗೂಡ್ಸ್ ಗಾಡಿ ಮುಗಿಯದೆ ಸಾಗುತ್ತಿತ್ತು. ಕುರ್ಚಿಯಲ್ಲಿ ಕೂತು ಆ ಹನಿಗಳನ್ನು ನೋಡುತ್ತ ನಾನು ಎಲ್ಲಿದ್ದೇನೆ, ಯಾವ ವಾರ ಎಂಬುದೇ ಮರೆತುಹೋಗುತ್ತಿತ್ತು. ಶಾಲೆಯಲ್ಲಿ ಗಂಟೆಗೊಮ್ಮೆ ಗಂಟೆ ಬಾರಿಸುವ ಬದುಕು ನನ್ನದು. ಅವರ ಶೆಡ್ಡಿನಲ್ಲಿ ಗಡಿಯಾರವೇ ಇರಲಿಲ್ಲ.

ನನ್ನ ಕಾಲಿನ ಬಗ್ಗೆ ಅವರು ಒಮ್ಮೆಯೂ ಕೇಳಲಿಲ್ಲ. ನನ್ನ ಓಡಿಸುವ ಚಾಳಿಗಳನ್ನು ಮಾತ್ರ ಬಿಡುತ್ತಿರಲಿಲ್ಲ. ಹಿಂದೆ ಹೋಗುತ್ತಿರುವ ಗಾಡಿ ಪೂರ್ತಿ ನಿಲ್ಲುವ ಮೊದಲೇ ಮುಂದಿನ ಗೇರಿಗೆ ತಳ್ಳುವ ಅಭ್ಯಾಸ ನನಗಿತ್ತು. "ಹಿಂದಕ್ಕ ಹೊಂಟ ಮನಷಾನ ಕೊರಳಪಟ್ಟಿ ಹಿಡ್ದು ಮುಂದ ಜಗ್ಗಿದ್ರ ಹ್ಯಾಂಗಾತದ? ನಿಂದ್ರಲಿ. ಉಸುರು ಬಿಡ್ಲಿ. ಆಮ್ಯಾಲ ಹೇಳ್ರಿ" ಎನ್ನುವರು. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಉರುಳಿಸುವುದು ನಮ್ಮ ಕಡೆ ದೊಡ್ಡ ಜಾಣತನ. ಚಿಂಚೋಳಿ ಕಡೆಯ ಇಳಿಜಾರುಗಳಲ್ಲಿ ನಾನೂ ಅಣ್ಣನಿಂದ ಕಲಿತು ಮಾಡುತ್ತಿದ್ದೆ. ಹೇಳಿದ್ದಕ್ಕೆ ಮಿಸ್ತ್ರಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಪೆಟ್ರೋಲ್ ಉಳೀತದ, ಗೇರ್ ಉಳಿಯಂಗಿಲ್ಲ. ಯಾವ್ದು ಬೇಕು ನೋಡ್ರಿ."

ನನ್ನ ಎಣ್ಣೆ ಸುಟ್ಟ ಬೆಲ್ಲದ ಬಣ್ಣಕ್ಕೆ ಬಂದಿತ್ತು. ಬದಲಿಸಬೇಕು, ಆದರೆ ಒಮ್ಮೆಲೇ ಅಲ್ಲ. ಈಗ ಮೂರರಲ್ಲಿ ಒಂದು ಪಾಲು ತೆಗೆದು ಹೊಸದು ಹಾಕುವುದು, ಎರಡು ತಿಂಗಳು ಓಡಿಸುವುದು, ಮತ್ತೆ ಒಂದು ಪಾಲು. ಹೀಗೆ ಮೂರು ಸಲ. ಲೆಕ್ಕದ ಟೀಚರು ನಾನು, ಸುಮ್ಮನಿರುತ್ತೇನೆಯೇ? ಅಲ್ಲೇ ಬಿದ್ದಿದ್ದ ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿ ತೋರಿಸಿದೆ. ಮೂರು ಸಲ ಬದಲಿಸಿದರೂ ಇಪ್ಪತ್ತೇಳರಲ್ಲಿ ಎಂಟು ಪಾಲು ಹಳೆಯ ಎಣ್ಣೆ ಒಳಗೇ ಇರುತ್ತದೆ. ನಿಮ್ಮ ಕೆಲಸ ಎಂದಿಗೂ ಪೂರ್ತಿಯಾಗುವುದಿಲ್ಲ ಎಂದೆ, ಗೆದ್ದವಳ ಹಾಗೆ.

ಅವರು ಕನ್ನಡಕ ಏರಿಸಿ ಲೆಕ್ಕವನ್ನು ಶ್ರದ್ಧೆಯಿಂದ ನೋಡಿದರು. "ಬರೋಬ್ಬರಿ ಅದ್ರಿ. ಆ ಎಂಟು ಪಾಲು ಉಳೀಲೇಬೇಕು. ಒಳಗಿನ ಪ್ಲೇಟ್ ಸವದಾವ. ಅವು ಸವದ ಪುಡಿ ಈ ಹಳೇ ಎಣ್ಣ್ಯಾಗನೇ ಅದ. ಅದ್ರ ಮ್ಯಾಲೇ ಒಂದಕ್ಕೊಂದು ಹಿಡಕೊಂಡಾವ. ಎಲ್ಲಾ ತೊಳದ್ಬಿಟ್ರ ಜಾರ್ತಾವ. ಆಹಿಸ್ತಾ, ಟೀಚರಮ್ಮ, ಆಹಿಸ್ತಾ."

ಮೊದಲ ಪಾಲು ತೆಗೆದರು. ತೆಗೆದ ಹಳೆಯ ಎಣ್ಣೆಯನ್ನು ಚೆಲ್ಲದೆ ಬಟ್ಟೆಯಲ್ಲಿ ಸೋಸಿ, ಒಂದು ಡಬ್ಬಿಗೆ ತುಂಬಿ, ಸೇಡಂ ಟೀಚರಮ್ಮ ಎಂದು ಬರೆದು ಮೂಲೆಗಿಟ್ಟರು. ಮುದುಕರಿಗೆ ಯಾವುದನ್ನೂ ಬಿಸಾಡಲು ಮನಸ್ಸಿಲ್ಲ ಎಂದು ನಗುತ್ತ ಬಂದೆ.

ಆಹಿಸ್ತಾ, ನಿಧಾನ ಎನ್ನುವ ಮಾತು ನನ್ನ ರಕ್ತದಲ್ಲಿಲ್ಲ. ಇಪ್ಪತ್ತು ದಿನವಾದರೂ ಗೇರು ಇನ್ನೂ ತಡೆಯುತ್ತಲೇ ಇತ್ತು. ಕಲಬುರಗಿಗೆ ಹೋದಾಗ ಗಾಜಿನ ಬಾಗಿಲಿನ ಗ್ಯಾರೇಜೊಂದು ಕಂಡಿತು. ಯಂತ್ರ ಹಚ್ಚಿ ಒಂದೇ ಗಂಟೆಯಲ್ಲಿ ಇಡೀ ಎಣ್ಣೆ ತೊಳೆದು ಬದಲಿಸುತ್ತೇವೆ ಎಂದರು. ಎಂಟು ಪಾಲು ಸೊನ್ನೆಯಾಗುತ್ತದಲ್ಲ ಎಂಬ ಆಸೆ. ಮಾಡಿಸಿಬಿಟ್ಟೆ. ಒಂದು ವಾರ ಕಾರು ಬೆಣ್ಣೆಯಂತೆ ಓಡಿತು. ಮಿಸ್ತ್ರಿಗೆ ಹೇಳಲಿಲ್ಲ.

ಎರಡನೆಯ ವಾರ, ಬೆಳಿಗ್ಗೆ, ಸೇಡಂ ಬಿಟ್ಟು ಚಿಂಚೋಳಿ ರಸ್ತೆಯ ಏರೊಂದರಲ್ಲಿ ಎಂಜಿನ್ ಕಿರುಚತೊಡಗಿತು, ಕಾರು ಮಾತ್ರ ಅಲ್ಲಾಡಲಿಲ್ಲ. ತುಳಿದಷ್ಟೂ ಸದ್ದು. ತೊಗರಿ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನವನು ನಿಲ್ಲಿಸಿ, ಕೇಳುವ ಮೊದಲೇ ಹಗ್ಗ ಬಿಚ್ಚಿದ. ಒಳ್ಳೆಯ ಮನುಷ್ಯ. ನನಗೆ ಅಳು ಬರುವ ಹಾಗಿತ್ತು. ಮಿಸ್ತ್ರಿಗೆ ಫೋನು ಹಚ್ಚಿದೆ.

"ಹಗ್ಗ ಕಟ್ಟಾಕ ಬಿಡಬ್ಯಾಡ್ರಿ!" ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. "ಎಂಜಿನ್ ಬಂದ್ ಇದ್ದಾಗ ಗಾಲಿ ತಿರುಗಿದ್ರ ಒಳಗ ಎಣ್ಣಿ ಏರಂಗಿಲ್ಲ, ಒಣಾ ಒಣಾ ತಿಕ್ಕಿ ಸುಟ್ಟು ಹೋತದ. ನಾ ಬರ್ಲಕತ್ತೀನಿ. ಬೇಕಾದ್ರ ಗಾಡಿ ಮುಂದ ಕುಂದ್ರಿ, ಎಳೀಲಾಕ ಮಾತ್ರ ಬಿಡಬ್ಯಾಡ್ರಿ."

ನಾನು ಅಕ್ಷರಶಃ ಕುಳಿತೆ. ನನ್ನ ಊರುಗೋಲು ಅಡ್ಡ ಇಟ್ಟುಕೊಂಡು, ಬಂಪರಿಗೆ ಬೆನ್ನು ಕೊಟ್ಟು, ಡಾಂಬರಿನ ಅಂಚಿನಲ್ಲಿ. "ಅಕ್ಕಾ, ನಾ ಲಾರಿನೇ ಎಳದೀನಿ, ಈ ಡಬ್ಬಿ ಏನ್ ಮಹಾ, ಏಳ್ರಿ" ಎಂದು ಟ್ರ್ಯಾಕ್ಟರಿನವನು ಬೇಡಿಕೊಂಡ. ನಾನು ಏಳಲಿಲ್ಲ. ಅವನು ತಲೆ ಕೆರೆದುಕೊಂಡು, ನನಗೆ ಒಂದು ಬಾಟಲಿ ನೀರು ಕೊಟ್ಟು ಹೋದ. ಅಷ್ಟರಲ್ಲಿ ಸುದ್ದಿ ತಿಳಿದು ಅಣ್ಣ ಬೈಕಿನಲ್ಲಿ ಬಂದ. "ಸಾಕವ್ವ ಈ ಕಾರಿನ ಹುಚ್ಚು. ಗುಜರಿಗೆ ಹಾಕು. ಸೇಡಂಗೇ ವರ್ಗ ಮಾಡಿಸ್ಕೊ, ನಾನೇ ದಿನಾ ಸಾಲಿಗಿ ಬಿಟ್ಟು ಬರ್ತೀನಿ" ಎಂದ. ಪ್ರೀತಿಯಿಂದಲೇ ಎಂದ. ಬೈಕಿನ ಹಿಂದಿನ ಸೀಟು ಬಿಸಿಲಿಗೆ ಕಾದು ನನಗಾಗಿ ಖಾಲಿ ಇತ್ತು. ಕೆಲಸಕ್ಕೆ ಹೊತ್ತಾಯಿತೆಂದು ಅವನು ಹೊರಟಾಗಲೂ ನಾನು ಅಲ್ಲೇ ಇದ್ದೆ.

ಮಧ್ಯಾಹ್ನದ ಹೊತ್ತಿಗೆ ಚಿಂಚೋಳಿ ಬಸ್ಸು ನಿಂತು, ಮಿಸ್ತ್ರಿ ಇಳಿದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ನನ್ನ ಹಳೆಯ ಎಣ್ಣೆಯ ಆ ಡಬ್ಬಿ. ಶಹಾಬಾದಿನಿಂದ ಎರಡು ಬಸ್ಸು ಬದಲಿಸಿ, ಎಣ್ಣೆ ತುಳುಕದಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಕಡ್ಡಿ ಎಳೆದು ನೋಡಿದರು. ಎಣ್ಣೆ ಕುಂಕುಮದಷ್ಟು ಕೆಂಪಗಿತ್ತು. ನಾನು ತಲೆ ತಗ್ಗಿಸಿ ಕಲಬುರಗಿಯ ಕಥೆ ಹೇಳಿದೆ. ಅವರು ಮೂಸಿ ನೋಡಿದರು.

"ಛಲೋ ಎಣ್ಣಿ ಅದ. ಎಣ್ಣಿದೇನೂ ತಪ್ಪಿಲ್ಲ" ಎಂದರು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಕಾರಿನ ಕೆಳಗೆ ತೂರಿ ಒಂದಿಷ್ಟು ಹೊಸ ಎಣ್ಣೆ ಇಳಿಸಿ, ನನ್ನದೇ ಹಳೆಯ ಎಣ್ಣೆಯನ್ನು ಮತ್ತೆ ಹುಯ್ದರು. ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಸುಮ್ಮನೆ ಬಿಡಲು ಹೇಳಿದರು. ಆಮೇಲೆ ಗೇರು ಹಾಕಿದೆ. ಒಂದು ಗಳಿಗೆ ಏನೂ ಇಲ್ಲ. ಮತ್ತೆ ಮೆಲ್ಲಗೆ, ಮಲಗಿದ್ದ ಎಮ್ಮೆ ಏಳುವಂತೆ, ಕಾರು ಮುಂದೆ ಸರಿಯಿತು. ನಾನು ನಿಜಕ್ಕೂ ಅತ್ತುಬಿಟ್ಟೆ.

"ಇದು ಔಷಧ ಅಲ್ರಿ," ಎಂದರು. "ಮನಿ ಮುಟ್ಟೋತನಕ ಧೈರ್ಯ, ಅಷ್ಟೇ. ಆಹಿಸ್ತಾ ನಡೀರಿ."

ಆ ಮಧ್ಯಾಹ್ನದ ಪ್ರಯಾಣ ನಡೆದದ್ದೋ ನಾನು ಕನಸಿನಲ್ಲಿ ಕಂಡದ್ದೋ ಎಂದು ಈಗಲೂ ಅನುಮಾನವಾಗುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್. ಎತ್ತಿನ ಬಂಡಿಗಿಂತ ಸ್ವಲ್ಪ ಜೋರು, ಅಷ್ಟೇ. ಅಷ್ಟು ನಿಧಾನ ಹೋದಾಗ ದಿನಾ ನೋಡುವ ದಾರಿ ಬೇರೆಯೇ ದೇಶವಾಗುತ್ತದೆ. ಕಾಗಿಣಾ ನದಿ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯಲಿಲ್ಲ. ಸಿಮೆಂಟಿನ ಧೂಳು ಹೊತ್ತ ಬೇವಿನ ಮರಗಳು ಬೆಳದಿಂಗಳು ಹೊದ್ದಂತೆ ಹಗಲಲ್ಲೇ ಬೆಳ್ಳಗಿದ್ದವು. ಹೊಲದ ಬೇಲಿಗೆ ನೆಟ್ಟ ಕಲ್ಲಿನ ಹಾಸುಗಳು ಒಂದೊಂದಾಗಿ ಹಿಂದೆ ಸರಿದವು. ಮಿಸ್ತ್ರಿ ಕೈಯನ್ನು ಗೇರಿನ ಪಕ್ಕ ಇಟ್ಟಿದ್ದರೂ ಆ ದಿನ ಕಣ್ಣು ತೆರೆದೇ ಇದ್ದರು. ರಾವೂರ ಹತ್ತಿರ ಹಸಿರು ನೀರು ತುಂಬಿದ ಹಳೆಯ ಖಣಿಯೊಂದನ್ನು ತೋರಿಸಿ, "ಅದ್ರ ತೆಳಗ ನಮ್ಮಪ್ಪನ ಕೂಡ ಕುಂತು ರೊಟ್ಟಿ ತಿಂತಿದ್ದೆ. ಈಗ ನೋಡ್ರಿ, ಮೀನ ಅಡ್ಡಾಡಾಕತ್ತಾವ" ಎಂದರು. ಆ ದಾರಿ ಮುಗಿಯದಿದ್ದರೂ ನಡೆಯುತ್ತಿತ್ತು ಎನಿಸಿತು ನನಗೆ.

ಗೇರ್‌ಬಾಕ್ಸ್ ಇಳಿಸಿ, ಹೈದರಾಬಾದಿನಿಂದ ಪ್ಲೇಟು ತರಿಸಿ ಕೂರಿಸಲು ಹದಿನೆಂಟು ದಿನ ಬೇಕಾಯಿತು. ಆ ಹದಿನೆಂಟು ದಿನ ನಾನು ಅಣ್ಣನ ಬೆನ್ನು ನೋಡಿದೆ. ಕೊನೆಯ ದಿನ ಕಾರು ಒಯ್ಯಲು ಹೋದಾಗ ಅವರಿಗೆ ಮಾತಿನ ನಡುವೆ ಕೆಮ್ಮು ಬರುತ್ತಿತ್ತು. ಎಳವೆಯಲ್ಲಿ ನುಂಗಿದ ಕಲ್ಲಿನ ಧೂಳು ಎಂದು ನಕ್ಕರು. "ಇನ್ನ ಈ ಕಡಿ ಬರೋ ಕೆಲ್ಸ ಇಲ್ಲ ನಿಮಗ" ಎಂದರು. ಚಹಾ ಕುಡಿದು ಹೋಗಿ ಎಂದರೂ ನಾನು ನಿಲ್ಲಲಿಲ್ಲ. ಓಡಿಸುವ ಆತುರ ಅಷ್ಟಿತ್ತು.

ಅವರ ಮಾತು ನಿಜವಾಯಿತು. ಏಳು ತಿಂಗಳು ಕಾರು ಚಕಾರ ಎತ್ತಲಿಲ್ಲ. ದಿನಾ ಐನಾಪುರ, ದಿನಾ ಸೇಡಂ. ಕೆಟ್ಟರೆ ಹೋಗೋಣ ಎಂದರೆ ಕೆಡುವುದೇ ಇಲ್ಲ. ಕೊನೆಗೊಂದು ಭಾನುವಾರ, ಎಣ್ಣೆಯ ಬಣ್ಣ ತೋರಿಸುವ ನೆಪ ಮಾಡಿಕೊಂಡು ಶಹಾಬಾದಿಗೆ ಹೋದೆ. ಶೆಡ್ಡಿಗೆ ಬೀಗ. ಹಿಂದಿನ ಮನೆಯಿಂದ ಅವರ ಹೆಂಡತಿ ಕಾಶಿಬಾಯಿ ಬಂದರು. ಹಣೆ ನೋಡಿದ ಕೂಡಲೇ ನನಗೆ ತಿಳಿಯಿತು.

"ಬ್ಯಾಸಗ್ಯಾಗ ಹೋದ್ರವ್ವ," ಎಂದರು. "ಎರಡು ತಿಂಗ್ಳು ಹಾಸಿಗಿ ಹಿಡ್ದಿದ್ರು."

"ನನಗೊಂದು ಫೋನ್ ಮಾಡಬಾರದಿತ್ತೇನ್ರಿ ಅಮ್ಮ?"

"ಮಾಡ್ತೀನಂದೆ. ಬ್ಯಾಡಂದ್ರು. ದಿನಾ ಸಂಜಿಗಿ ಕೇಳ್ತಿದ್ರು, ಸೇಡಂ ಟೀಚರಮ್ಮನ ಬಿಳಿ ಗಾಡಿ ಬಂದಿತ್ತೇನು ಅಂತ. ಇಲ್ಲ ಅಂದ್ರ ಭಾಳ ಖುಷಿ ಅವರಿಗಿ. ಬಂದಿಲ್ಲಂದ್ರ ಹುಡುಗಿ ತನ್ನ ಪಾಡಿಗಿ ತಾ ಸಾಲಿಗಿ ಹೊಂಟಾಳ ಅಂತಿದ್ರು."

ಎದುರಿಗೆ ಒಮ್ಮೆಯೂ ನನ್ನನ್ನು ಹುಡುಗಿ ಎಂದವರಲ್ಲ ಅವರು. ಕಾಶಿಬಾಯಿ ಕೊಟ್ಟ ಚಹಾ ಕುಡಿದೆ, ಏನು ಮಾತಾಡಿದೆನೋ ನೆನಪಿಲ್ಲ. ಹೊರಗೆ ಬಂದು ಕೂತು ಕೀಲಿ ತಿರುವಿದೆ. ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಅದರ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.