ಹಿಟ್ಟಿನ ಡಬ್ಬಿಯಲ್ಲಿದ್ದ ದಾಳ

ಜೋಳದ ಹಿಟ್ಟು ಹಳತಾದರೆ ಅದಕ್ಕೊಂದು ಕಮಟು ವಾಸನೆ ಬರುತ್ತದೆ. ಕಳೆದ ವಾರ ಅಡುಗೆಮನೆಯ ಸಜ್ಜೆಯ ಮೇಲಿಂದ ಅತ್ತೆಯ ಕಾಲದ ದೊಡ್ಡ ಸ್ಟೀಲ್ ಡಬ್ಬಿ ಇಳಿಸಿ ಮುಚ್ಚಳ ತೆಗೆದಾಗ ಮೊದಲು ಆ ವಾಸನೆ ಬಂತು. ಅದರ ಹಿಂದೆಯೇ, ಹುಳು ಹಿಡಿಯದಿರಲೆಂದು ಹಾಕಿದ್ದ ಒಣ ಬೇವಿನೆಲೆಯ ಕಹಿ. ತೊಳೆಯಲೆಂದು ಬೋರಲು ಹಾಕಿದರೆ ತಳದಿಂದ ಏನೋ ಟಣ್ ಎಂದು ಬಿತ್ತು. ಇಪ್ಪತ್ತು ಮುಖದ ನೀಲಿ ದಾಳ. ಅಂಕಿಗಳ ಗೆರೆಯೊಳಗೆಲ್ಲ ಹಿಟ್ಟು ಕೂತಿತ್ತು. ಅದು ಅಲ್ಲಿದ್ದುದು ಮರೆತುಹೋಗಿತ್ತು ಎಂದರೆ ಸುಳ್ಳಾದೀತು. ಇಷ್ಟು ವರ್ಷ ಆ ಡಬ್ಬಿಯನ್ನು ಇಳಿಸದೆ ಇದ್ದೆ, ಅಷ್ಟೇ...

ಅದು ನಮ್ಮ ಮಹಡಿ ಮಿಸ್ ಅವರದು.

ಆದೋನಿಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಅವರು ಬಾಡಿಗೆಗೆ ಇದ್ದರು. ಮದ್ದಿಕೇರದವರು, ಇಲ್ಲಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನನ್ನನ್ನು ಅಕ್ಕಾ ಎನ್ನುತ್ತಿದ್ದರು. ನಾನೋ ಕಾನ್ವೆಂಟಿನಲ್ಲಿ ಓದಿದವಳು. ಕಲಿಸುವವರು ಯಾರೇ ಇರಲಿ, ಬಾಯಿಗೆ ಮಿಸ್ ಎಂದೇ ಬರುತ್ತದೆ, ಕಂಡರೆ ಎದ್ದು ನಿಲ್ಲಬೇಕೆನಿಸುತ್ತದೆ. "ಕೂಡ್ರಿ ಅಕ್ಕಾ, ಅಟೆಂಡೆನ್ಸ್ ಆಮ್ಯಾಲ ತಗೋತೀನಿ" ಎಂದು ನಗುತ್ತಿದ್ದರು.

ಹೈದರಾಬಾದಿನ ಹಾಸ್ಟೆಲಿನಲ್ಲಿ ಕಲಿತ ಆಟವೊಂದನ್ನು ಅವರು ಭಾನುವಾರದ ಮಧ್ಯಾಹ್ನಗಳಲ್ಲಿ ನಮ್ಮ ನಡುಮನೆಗೆ ತಂದರು. ಮಣೆಯಿಲ್ಲ, ಕಾಯಿಗಳಿಲ್ಲ. ಮಿಸ್ ಕಥೆ ಹೇಳುತ್ತಾರೆ, ನಾವು ಆ ಕಥೆಯೊಳಗಿನ ಜನ. ಆಗ ಏಳನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಮಂತ್ರಗಾತಿ. ಹಲ್ಲಿ ಕಂಡರೆ ಚೀರುವ ನಾನು ಕತ್ತಿ ಹಿಡಿದವಳು. ಅತ್ತೆ ಮಾತ್ರ, "ಕತ್ತಿ ಗಿತ್ತಿ ನನಗ ಬ್ಯಾಡ. ನಾ ಕುರಿ ಕಾಯಾಕಿ ಆಗ್ತೀನಿ. ಒಂದು ಬಡಿಗಿ ಕೊಡು, ನಾಕು ಕುರಿ ಕೊಡು, ಸಾಕು" ಎಂದು ಹಟ ಹಿಡಿದು ಹಾಗೆಯೇ ಆದರು. ನಮ್ಮೂರ ಕೋಟೆ ಬೆಟ್ಟದ ಬಂಡೆಗಳ ಅಡಿಯಲ್ಲಿ, ಕಲ್ಲಿನ ಚರ್ಮದ ಒಂದು ಹಾವು. ಅದನ್ನು ಕೊಲ್ಲುವುದು ನಮ್ಮ ಕೆಲಸ.

ಹೊಡೆಯಬೇಕೆಂದರೆ ದಾಳ ಹಾಕಬೇಕು. ದೊಡ್ಡ ಅಂಕಿ ಬಿದ್ದರೆ ಏಟು ತಾಕುತ್ತದೆ. ಇಪ್ಪತ್ತೇ ಬಿದ್ದರೆ ಎರಡರಷ್ಟು ಪೆಟ್ಟು.

"ಅದಕ್ಕ ಕ್ರಿಟಿಕಲ್ ಹಿಟ್ ಅಂತಾರಮ್ಮಾ" ಎಂದರು ಮಿಸ್.

"ಯಾವ ಹಿಟ್ಟು? ಜ್ವಾಳದ್ದೋ ಸಜ್ಜಿದೋ?" ಎಂದರು ಅತ್ತೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಹಿಟ್ಟೇ. ಯಾರಿಗೆ ಇಪ್ಪತ್ತು ಬಿದ್ದರೂ ಎಲ್ಲರೂ ಸೇರಿ "ಹಿಟ್ಟು ಬಿತ್ತು!" ಎಂದು ಕೂಗುವುದು.

ಚೌಕಾಬಾರ ಆಡಿ ಬೆಳೆದ ಅತ್ತೆಗೆ ಒಂದು ತಕರಾರು ಉಳಿದಿತ್ತು. "ನಮ್ಮ ಆಟದಾಗ ಚೌಕ ಬಿದ್ರ ಇನ್ನೊಂದು ಸಲ ಹಾಕಾಕ ಬಿಡ್ತೀವಿ. ಇಷ್ಟು ದೊಡ್ಡದು ಬಿದ್ರೂ ಬಿಡಂಗಿಲ್ಲ ಅಂದ್ರ ಇದೆಂಥ ನ್ಯಾಯ?" ಮಿಸ್ ಕಣ್ಣರಳಿಸಿದರು. ಈ ಆಟದ ಹಳೆಯ ನಿಯಮದಲ್ಲಿ ಹಾಗೇ ಇತ್ತಂತೆ. ಇಪ್ಪತ್ತು ಬಿದ್ದರೆ ಮತ್ತೊಮ್ಮೆ ಹಾಕಬೇಕು. ಎರಡನೆಯದೂ ತಾಕುವಷ್ಟು ದೊಡ್ಡದಾದರೆ ಮಾತ್ರ ಆ ಭಾರಿ ಪೆಟ್ಟು ಖಾತ್ರಿ. ಇಲ್ಲದಿದ್ದರೆ ಅದು ಬರೀ ಮಾಮೂಲಿ ಏಟು. ಅವರು ಆ ನಿಯಮವನ್ನೇ ತಂದರು. ಅತ್ತೆ ಮೂಗು ಮುರಿದರು. "ನಾ ಕೇಳಿದ್ದು ಇನ್ನೊಂದು ಆಟ, ಈಕಿ ಕೊಟ್ಟಿದ್ದು ಇನ್ನೊಂದು ಅನುಮಾನ."

ಆ ಚಳಿಗಾಲದಲ್ಲಿ ಮಿಸ್ ತಂತಿಗೆ ಬಟ್ಟೆ ಹಾಕುವಾಗ ಎಡಗೈ ಎತ್ತುತ್ತಿರಲಿಲ್ಲ. ಒದ್ದೆ ಸೀರೆಯನ್ನು ಬಲಗೈಯಿಂದಲೇ ಎಸೆದು, ಬಲಗೈಯಿಂದಲೇ ಎಳೆದು ಸರಿಮಾಡುತ್ತಿದ್ದರು. ಕೆಲವು ದಿನ ನೋಡಿ, ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೇಳಿಯೇಬಿಟ್ಟೆ. ಎದೆಯಲ್ಲಿ ಗಂಟು ಎಂದರು. ಬಳ್ಳಾರಿಯಲ್ಲಿ ಸೂಜಿ ಹಾಕಿ ನೋಡಿದ್ದರಂತೆ. ಅನುಮಾನ ಇದೆ, ಒಂದು ಚೂರು ತೆಗೆದು ಇನ್ನೊಂದು ಪರೀಕ್ಷೆ ಮಾಡಿದರೆ ಖಾತ್ರಿಯಾಗುತ್ತದೆ ಎಂದಿದ್ದರಂತೆ. ಅದು ದಸರೆಯ ಹೊತ್ತಿನ ಮಾತು.

"ಮತ್ತ ಯಾಕ ಹೋಗಿಲ್ಲ ಮಿಸ್?"

"ತಿದ್ದೋ ಪೇಪರ್ ಅದಾವಕ್ಕಾ." ಆಮೇಲೆ ನಕ್ಕರು. "ಎರಡನೇ ಸಲ ದಾಳ ಹಾಕೋ ತನಕ ಇದು ಬರೀ ಮಾಮೂಲಿ ಏಟು. ತಡ್ಕೋತೀನಿ." ಕೈಯಲ್ಲಿದ್ದ ಬಟ್ಟೆಯ ಕ್ಲಿಪ್ಪನ್ನು ಮಾತ್ರ ತೆರೆಯುತ್ತ, ಮುಚ್ಚುತ್ತ, ತೆರೆಯುತ್ತ ನಿಂತಿದ್ದರು...

ಪೇಪರುಗಳು ಮುಗಿದವು. ಆಮೇಲೆ ಊರಲ್ಲಿ ಯಾರದೋ ಮದುವೆ. ಆಮೇಲೆ ಬಿಸಿಲು ಬಹಳ. ನಾನು ಕೇಳಿದಾಗಲೆಲ್ಲ "ಪರವಾಲೇದು ಅಕ್ಕಾ" ಎನ್ನುವುದು. ಅವರ ಬಾಯಲ್ಲಿ ತೆಲುಗು ಬಂದರೆ ಮಾತು ಮುಗಿಯಿತು ಎಂದು ಅರ್ಥ. ಮನೆಯಲ್ಲಿ ಬೇರೆ ಯಾರಿಗೂ ಹೇಳಬೇಡಿ ಎಂದಿದ್ದರು. ರೊಟ್ಟಿ ಬಡಿಯುವಾಗ, ಮಗಳ ಜಡೆ ಹಾಕುವಾಗ, ನನಗೆ ಅದೊಂದೇ ಯೋಚನೆ. ಇವರು ಹೋಗುವುದಿಲ್ಲ. ಹೋಗುವುದೇ ಇಲ್ಲ.

ಹಾಗಿರುವಾಗಲೇ ಆ ಭಾನುವಾರ. ಹಾವು ಕೊನೆಗೂ ಬಂಡೆಯ ಹೊರಗೆ ಬಂದಿತ್ತು, ಅತ್ತೆಯ ಕುರಿ ಒಂದನ್ನು ನುಂಗಿಯೂ ಆಗಿತ್ತು. ಅತ್ತೆ ನಿಜವಾಗಿಯೂ ಸಿಟ್ಟಾಗಿದ್ದರು. ನನ್ನ ಸರದಿ. ದಾಳ ಹಾಕಿದೆ. ಇಪ್ಪತ್ತು.

"ಹಿಟ್ಟು ಬಿತ್ತು!" ಮಗಳು ಜಿಗಿದಳು.

"ಇನ್ನೊಂದು ಸಲ ಹಾಕ್ರಿ ಅಕ್ಕಾ, ಖಾತ್ರಿ ಆಗಲಿ" ಎಂದರು ಮಿಸ್. ಅವರ ಮುಖ ಹೊಳೆಯುತ್ತಿತ್ತು. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ನಾನು ದಾಳ ಎತ್ತಿಕೊಂಡು ಮುಷ್ಟಿ ಬಿಗಿದೆ. "ನಾ ಹಾಕಂಗಿಲ್ಲ. ಮೊದಲು ನೀವು."

"ಅಮ್ಮಾ, ಸರದಿ ನಿಂದು!" ಎಂದಳು ಮಗಳು. "ಈಕಿಗೇನಾತು?" ಎಂದರು ಅತ್ತೆ. ನಾನು ಎದ್ದು ಅಡುಗೆಮನೆಗೆ ಹೋಗಿ, ಎದುರಿಗೆ ಸಿಕ್ಕ ಹಿಟ್ಟಿನ ಡಬ್ಬಿಯೊಳಗೆ ಮೊಣಕೈ ತನಕ ಕೈಯಿಳಿಸಿ ದಾಳವನ್ನು ಬಿಟ್ಟುಬಂದೆ. ತಿರುಗಿದರೆ ಬಾಗಿಲಲ್ಲಿ ಮಿಸ್.

"ಇದು ಮೋಸ ಐತ್ರಿ."

"ಇರ್ಲಿ. ಆ ಹಾವು ಹಂಗೇ ನಿಂತಿರ್ಲಿ. ನೀವು ಬಳ್ಳಾರಿಗೆ ಹೋಗಿ ಬಂದ ಮ್ಯಾಲ ಹಾಕ್ತೀನಿ."

ಅವರು ಹಿಟ್ಟು ಮೆತ್ತಿ ಬಿಳಿಯಾದ ನನ್ನ ಕೈಯನ್ನು ನೋಡಿದರು. ಸಿಟ್ಟಾಗುತ್ತಾರೆ, ಕೋಣೆ ಬಿಟ್ಟು ಹೋಗುತ್ತಾರೆ ಎಂದುಕೊಂಡೆ. ಸೆರಗಿನಿಂದ ನನ್ನ ಮೊಣಕೈಯ ಹಿಟ್ಟು ಒರೆಸಿ, ಸಣ್ಣ ದನಿಯಲ್ಲಿ ಕೇಳಿದರು. "ನನ್ನ ಜೋಡಿ ಬರ್ತೀರೇನ್ರಿ?"

ಹೋದೆವು. ಬಸ್ಸು ಹಾಲಹರವಿ ದಾಟಿದ ಮೇಲೆ ಅವರು ಹಾವಿನ ಬಗ್ಗೆಯೇ ಮಾತಾಡಿದರು. ಅದಕ್ಕೆ ಬಾಲದ ಹತ್ತಿರ ಒಂದು ಮೆತ್ತನೆಯ ಜಾಗವಿದೆ, ನೀವು ಯಾರೂ ಹುಡುಕಲೇ ಇಲ್ಲ ಎಂದು.

ರಿಪೋರ್ಟು ಬಂದ ದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಮಿಸ್ ಅಡುಗೆಮನೆಯ ಹೊಸ್ತಿಲ ಆಚೆಯೇ ನಿಂತರು. ಚಪ್ಪಲಿ ಬಿಟ್ಟಿರಲಿಲ್ಲ.

"ಹಿಟ್ಟು ಬಿತ್ತ್ರಿ ಅಕ್ಕಾ."

ತಟ್ಟುತ್ತಿದ್ದ ಕೈ ನಿಂತಿತು. ಒಳಕೋಣೆಯಿಂದ ಅತ್ತೆ ಕೂಗಿದರು. "ಚೆಲ್ಲಿದ್ರ ಬಳಕೋರಿ ಲಗೂನ, ಇರುವಿ ಬರ್ತಾವ!"

ಮಿಸ್ ನಕ್ಕರು. ಆ ನಗು ಹೇಗೆ ಅಳುವಾಯಿತೆಂದು ನನಗೆ ಕಾಣಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಸೀಯುವವರೆಗೂ ಇಬ್ಬರೂ ಅಲ್ಲೇ ಇದ್ದೆವು.

ಅವರ ಅಣ್ಣ ಬಂದು ಸಾಮಾನು ಕಟ್ಟಿಸಿ ಮದ್ದಿಕೇರಕ್ಕೆ ಕರೆದುಕೊಂಡು ಹೋದರು. ಚಿಕಿತ್ಸೆಗೆ ಅಲ್ಲಿಂದಲೇ ಕರ್ನೂಲಿಗೆ ಹೋಗಿಬರುವುದು. ಫೋನು ಮಾಡಿದಾಗಲೆಲ್ಲ ಮೊದಲ ಮಾತು ಒಂದೇ. "ಹಾವು ಇನ್ನೂ ನಿಂತೈತೇನ್ರಿ?"

"ನಿಂತೈತ್ರಿ ಮಿಸ್. ನಿಮ್ಮ ದಾರಿ ನೋಡ್ಕೊಂತ ನಿಂತೈತಿ."

ದಾಳವಿದ್ದ ಡಬ್ಬಿಯನ್ನು ಹಾಗೆಯೇ ಸಜ್ಜೆಗೆ ಏರಿಸಿಟ್ಟಿದ್ದೆ. ಒಮ್ಮೆ ನೋಡಲು ಹೋದಾಗ ದಾಳ ತರಲೇ ಎಂದು ಕೇಳಿದ್ದೆ. ಬೇಡ, ನಾನೇ ಬರ್ತೀನಿ ಎಂದರು. ತಲೆಗೆ ಕಟ್ಟಿದ್ದ ಹತ್ತಿಯ ವಸ್ತ್ರದ ಅಂಚನ್ನು ಕಿವಿಯ ಹಿಂದೆ ಸಿಕ್ಕಿಸುತ್ತ, ಕೂದಲಿದ್ದಾಗ ಮಾಡುತ್ತಿದ್ದ ಹಾಗೆಯೇ... ಮುಂದಿನ ಯುಗಾದಿಯನ್ನು ಅವರು ಕಾಣಲಿಲ್ಲ.

ಆಟದಲ್ಲಿ ಎರಡನೇ ದಾಳವೇ ಪೆಟ್ಟನ್ನು ದೊಡ್ಡದು ಮಾಡುತ್ತದೆ. ಆಸ್ಪತ್ರೆಯಲ್ಲಿ ಆಗಲೇ ಆಗಿಹೋದದ್ದನ್ನು ಬಾಯಿಬಿಟ್ಟು ಹೇಳುತ್ತಾರೆ, ಅಷ್ಟೇ. ಇದು ನನಗೆ ಗೊತ್ತು. ಗೊತ್ತಿದ್ದರೂ ಕೆಲವು ಮಧ್ಯಾಹ್ನ ಬಟ್ಟೆ ಒಣಹಾಕುವಾಗ, ಇನ್ನೂ ಬೇಗ ಎಳೆದುಕೊಂಡು ಹೋಗಬೇಕಿತ್ತು ಎನಿಸುತ್ತದೆ. ಇನ್ನು ಕೆಲವು ಮಧ್ಯಾಹ್ನ, ಅವರನ್ನು ಅವರ ಮಾಮೂಲಿ ಏಟಿನ ಜೊತೆಗೇ ಇನ್ನಷ್ಟು ಭಾನುವಾರ ಬಿಡಬೇಕಿತ್ತೇನೋ ಎನಿಸುತ್ತದೆ. ಎರಡರಲ್ಲಿ ಯಾವುದು ಸರಿಯೋ...

ಈಗ ಅತ್ತೆಯೂ ಇಲ್ಲ. ಮಗಳು ಕರ್ನೂಲಿನಲ್ಲಿ ಡಿಗ್ರಿ ಓದುತ್ತಿದ್ದಾಳೆ, ಕಳೆದ ವಾರ ರಜೆಗೆ ಬಂದಿದ್ದಳು. ನಾನು ದಾಳ ತೊಳೆದು ಅಂಗೈಯಲ್ಲಿ ಇಟ್ಟುಕೊಂಡು ನಿಂತಿರುವಾಗ ಬಂದಳು. "ಇದು ಮಿಸ್‌ದಲ್ಲಾ?" ಎಂದು ಎತ್ತಿಕೊಂಡವಳು, ನಾನು ಬಾಯಿ ತೆರೆಯುವಷ್ಟರಲ್ಲಿ, ಆಗ ಮಾಡುತ್ತಿದ್ದಂತೆಯೇ ಒಮ್ಮೆ ಉಫ್ ಎಂದು ಊದಿ ನೆಲಕ್ಕೆ ಎಸೆದೇಬಿಟ್ಟಳು. ದಾಳ ಪುಟಿದು, ಉರುಳಿ, ಫ್ರಿಜ್ಜಿನ ಕೆಳಗೆ ಹೋಗಿ ನಿಂತಿತು.

"ಏನು ಬಿತ್ತು ನೋಡ್ತೀನಿ ತಡಿ" ಎಂದು ಮೊಬೈಲಿನ ಟಾರ್ಚು ಹಾಕಿ ಬಗ್ಗಿದಳು. ನಾನು ಅವಳ ತೋಳು ಹಿಡಿದೆ.

"ಬ್ಯಾಡ."

"ಯಾಕಮ್ಮಾ?"

ಖಾತ್ರಿ ಮಾಡಿಕೊಳ್ಳಲೇಬೇಕೆಂದು ಹಟ ಹಿಡಿದು ಮಿಸ್ ಅವರನ್ನು ಬಸ್ಸು ಹತ್ತಿಸಿದವಳು ನಾನೇ. ಈಗ ನೋಡಬೇಡ ಎನ್ನುವವಳೂ ನಾನೇ. ಅವಳು ಒಂದು ಕ್ಷಣ ನನ್ನ ಮುಖ ನೋಡಿ ಟಾರ್ಚು ಆರಿಸಿದಳು.

ದಾಳ ಅಲ್ಲೇ ಇದೆ. ದಿನವೂ ಮನೆಯೆಲ್ಲ ಗುಡಿಸುತ್ತೇನೆ. ಫ್ರಿಜ್ಜಿನ ಕೆಳಗೆ ಮಾತ್ರ ಕಸಬರಿಗೆ ಹಾಕುವುದಿಲ್ಲ.