ಹದಿನೆಂಟನೇ ಮನೆಯ ಕುರಿ

ಆಡಿದ ನಡೆಯನ್ನು ವಾಪಸ್ ತೆಗೆದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಮಸ್ಕಿಯಲ್ಲಿ ಇರಲಿಲ್ಲ. ಅಲ್ಲಿ ನಮ್ಮ ಕಚೇರಿಯ ಕಟ್ಟೆಯ ಮೇಲೆ ಯಾರೋ ಹಿಂದೆಂದೋ ಹುಲಿ-ಕುರಿ ಆಟದ ಮನೆಗಳನ್ನು ಕೊರೆದಿದ್ದರು. ಊಟದ ಬಿಡುವಿನಲ್ಲಿ ನಾನೂ ಪಕ್ಕದ ಮೇಜಿನ ಗೆಳೆಯನೂ ಅಲ್ಲಿ ಕೂರುತ್ತಿದ್ದೆವು. ಅವನವು ಮೂರು ಹುಲಿ, ನನ್ನವು ಹದಿನೈದು ಕುರಿ. ಹುಲಿ ಹಾರಿದರೆ ಕುರಿ ಸತ್ತಂತೆ. ಕುರಿಗಳೆಲ್ಲ ಸೇರಿ ಹುಲಿಗಳಿಗೆ ದಾರಿಯಿಲ್ಲದಂತೆ ಕಟ್ಟಿಹಾಕಿದರೆ ಕುರಿಯವನು ಗೆದ್ದಂತೆ. ನನ್ನ ಕುರಿ ಸತ್ತ ಕೂಡಲೇ "ಏ, ಕಣ್ಣ ತಪ್ಪಿತಪಾ, ಇದೊಂದು ವಾಪಸ್" ಎಂದು ಅದನ್ನು ಬದುಕಿಸಿಕೊಳ್ಳುತ್ತಿದ್ದೆ. ಕಚೇರಿಯಲ್ಲಿ ನನಗೆ ವಾಪಸ್ ಸಾಹೇಬ ಎಂಬ ಹೆಸರೇ ಬಿತ್ತು. ಇಷ್ಟು ಮಾಡಿಯೂ ಸೋಲುತ್ತಿದ್ದೆ, ಅದು ಬೇರೆ ಮಾತು.

ನಿವೃತ್ತರಾದ ಮೇಲೆ ಅವನು ಲಿಂಗಸುಗೂರಿಗೆ ಹೋದ, ನಾನು ಸಿಂಧನೂರಿಗೆ ಬಂದೆ. ಮನೆಗಳಿಗೆ ಒಂದರಿಂದ ಇಪ್ಪತ್ಮೂರರವರೆಗೆ ನಂಬರು ಹಾಕಿ ಮೊದಲು ವಾಟ್ಸಾಪಿನಲ್ಲಿ ಆಡಿದೆವು. ಅಲ್ಲಿಯೂ ನಾನು ಕಳಿಸಿದ ನಡೆಯನ್ನು ಅಳಿಸಿ ಬೇರೆ ಕಳಿಸತೊಡಗಿದೆ. ಮೂರನೇ ಸಲಕ್ಕೆ ಅವನ ಫೋನ್ ಬಂತು.

"ಇನ್ನ ಇಮೇಲ್‌ನ್ಯಾಗ ಆಡೂಣು. ಹೋದದ್ದು ಹೋತು, ಅಳಸಾಕ ಬರಂಗಿಲ್ಲ. ವಾಪಸ್ ಅನ್ನಲಾರದ ಒಂದ ಸಲ ಗೆದ್ದು ತೋರಸಲೇ. ನಾನ ಸಿಂಧನೂರಿಗೆ ಬಂದು ವೈನಿಯರ ಮುಂದ ಹೇಳ್ತೀನಿ, ಇಂವ ಕಳ್ಳಾಟ ಬಿಟ್ಟು ಸರಳ ಆಡಿದ ಅಂತ."

ಆ ಮಾತು ನನಗೆ ನಾಟಿತು. ನಾನು ಸಂತೆಯಲ್ಲಿ ಬದನೆಕಾಯಿ ಆರಿಸಿ ತಂದರೂ ಅವನ ವೈನಿ, ಅಂದರೆ ನನ್ನ ಹೆಂಡತಿ, ಒಂದೊಂದನ್ನೇ ತಿರುಗಿಸಿ ನೋಡುವವಳು. ಅವಳ ಮುಂದೆ ಯಾರಾದರೂ ನನ್ನ ಬಗ್ಗೆ ಹಾಗೊಮ್ಮೆ ಹೇಳಲಿ ಎಂದು ಬಹಳ ಆಸೆಯಿತ್ತು.

ದಿನಕ್ಕೊಂದು ನಡೆ. ಒಂದು ಹಲಗೆಯ ಮೇಲೆ ಗೆರೆ ಎಳೆದು, ಹುಣಸೆಬೀಜಗಳನ್ನು ಕುರಿ ಮಾಡಿ, ಟೀವಿಯ ಪಕ್ಕ ಇಟ್ಟಿದ್ದೆ. "ಕುರಿ ಒಂಬತ್ತರಿಂದ ಹತ್ತಕ್ಕೆ" ಎಂಬ ಒಂದು ಸಾಲಿಗೆ "ಮಾನ್ಯರೇ" ಎಂದು ಶುರುಮಾಡಿ "ತಮ್ಮ ವಿಶ್ವಾಸಿ" ಎಂದು ಮುಗಿಸುತ್ತಿದ್ದೆ. ಕಚೇರಿಯ ಚಟ, ಬಿಟ್ಟೇನೆಂದರೂ ಬಿಡದು.

ಎರಡು ತಿಂಗಳಿಗೆ ಹುಲಿಗಳು ಮೂಲೆ ಸೇರಿದವು. "ಹುಲಿಗಳಿಗೆ ದಾರಿ ಇಲ್ಲ, ನಾನು ಗೆದ್ದಿರುತ್ತೇನೆ" ಎಂದು ಬರೆದೆ. ಮರುದಿನ ಉತ್ತರ ಬಂತು: "ಸೋತೀನಿ. ಐತವಾರ ಬರ್ತೀನಿ."

ನನ್ನನ್ನು ಹಿಡಿಯುವವರೇ ಇಲ್ಲವಾಯಿತು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಗುರುತಿಲ್ಲದ ಒಬ್ಬನಿಗೆ ಇಡೀ ಆಟ ವಿವರಿಸಿದೆ. ಅವನು ಬಸ್ ಬಂತೆಂದು ಎದ್ದು ಹೋದ. ಬಸ್ ಬಂದಿರಲಿಲ್ಲ.

ಶನಿವಾರ ಪತ್ರಗಳನ್ನೆಲ್ಲ ಪ್ರಿಂಟ್ ಮಾಡಿಸಿ, ಹೆಂಡತಿಗೆ ತೋರಿಸಲೆಂದು ಫೈಲಿಗೆ ಹಾಕಿ, ಮೊದಲಿನಿಂದ ಓದುತ್ತ ಕೂತೆ. ನಡುವೆ ಅವನದೊಂದು ಪತ್ರ: "ಹುಲಿ ಹದಿನೇಳರಿಂದ ಹತ್ತೊಂಬತ್ತಕ್ಕ. ಹದಿನೆಂಟರ ಕುರಿ ಸತ್ತೈತಿ." ಆ ದಿನ ನಾನು ಹಲಗೆಯ ಮೇಲೆ ಹುಲಿಯನ್ನು ಸರಿಸಿದ್ದೆ, ಕುರಿಯನ್ನು ಎತ್ತಿರಲಿಲ್ಲ. ಸತ್ತ ಕುರಿ ಮೂರು ವಾರ ಅಲ್ಲೇ ನಿಂತು, ಕೊನೆಗೆ ಹುಲಿಯ ದಾರಿಗೆ ಅಡ್ಡವಾಗಿ ನನ್ನನ್ನು ಗೆಲ್ಲಿಸಿತ್ತು. ಬಾಯಿ ವಾಪಸ್ ಎನ್ನದಿದ್ದರೂ ನನ್ನ ಕೈ ತಾನಾಗಿ ಆ ಕುರಿಯನ್ನು ವಾಪಸ್ ತೆಗೆದುಕೊಂಡಿತ್ತು.

ಅವನೇ ಸೋತೆ ಎಂದಿದ್ದಾನೆ, ನನಗೇಕೆ ಉಸಾಬರಿ ಎಂದು ಫೈಲನ್ನು ಗಾದಿಯ ಕೆಳಗೆ ತುರುಕಿ ಅದರ ಮೇಲೆಯೇ ಮಲಗಿದೆ.

ಭಾನುವಾರ ಅವನು ಬಂದ. ಹೆಂಡತಿ ಮಂಡಕ್ಕಿ ವಗ್ಗರಣೆ, ಮಿರ್ಚಿ ತಂದಿಟ್ಟಳು. ಅವನು ಗಂಟಲು ಸರಿಮಾಡಿಕೊಂಡು "ವೈನಿಯರ, ನಿಮ್ಮ ಯಜಮಾನ್ರು..." ಎಂದು ಶುರುಮಾಡಿದ.

"ತಡಿಯೋ," ಎಂದೆ. "ಹದಿನೆಂಟನೇ ಮನಿ ಕುರಿ ಸತ್ತಿತ್ತು. ನಾ ಎತ್ತಿರಲಿಲ್ಲ. ನಾ ಗೆದ್ದಿಲ್ಲ. ಗೆದ್ದೆ ಅಂದದ್ದು ವಾಪಸ್ ತಗೋತೀನಿ."

ಅವನು ಮಿರ್ಚಿ ಮುರಿಯುತ್ತ ಹೇಳಿದ, "ನನ್ನ ಹಲಗಿ ಮ್ಯಾಲ ಆ ಕುರಿ ಇಲ್ಲಂತ ನನಗ ಗೊತ್ತಿಲ್ಲೇನಲೇ? ಇದೊಂದು ವಾಪಸ್ ತಗೋತೀಯೇನು ನೋಡೂಣು ಅಂತನ ಬಸ್ ಹತ್ತಿ ಬಂದೀನಿ." ಆಮೇಲೆ ಹೆಂಡತಿಯ ಕಡೆ ತಿರುಗಿದ. "ವೈನಿಯರ, ಇಂವ ಇವತ್ತ ಸರಳ ಆಡಿದ ನೋಡ್ರಿ."

ನಾನು ಹಿಗ್ಗಿ ಹೆಂಡತಿಯ ಮುಖ ನೋಡಿದೆ.

"ಅಂದ್ರ ಸೋತಾರ ಅಲ್ರೀ?" ಎಂದು ಹೆಂಡತಿ ಕೇಳಿದಳು.

"ಸೋತಾನ್ರಿ."

"ಹಂಗನ್ರಿ ಮತ್ತ," ಎಂದು ಅವಳು ನನ್ನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದಳು.