ಮಣಿ ಕುಣಿದರೆ ಗಂಟೆ ಗಟ್ಟಿ

ಬೆಳಕು ಹರಿಯುವ ಹೊತ್ತು. ಗಂಟೆ ಕಾರ್ಖಾನೆಯ ಕುಲುಮೆಗೆ ಇನ್ನೂ ಗಾಳಿ ಹಾಕಿಲ್ಲ. ಹಿಂಬದಿಯ ಕಿಟಕಿಯ ಪಕ್ಕದ ಮೇಜಿಗೆ ಒಬ್ಬ ಹೆಂಗಸು ಆಗಲೇ ಬಂದು ಕೂತಿದ್ದಾರೆ. ಎಡಗೈಯಲ್ಲಿ ನಿನ್ನೆ ಎರಕವಾದ ಕಂಚಿನ ಗಂಟೆ, ಬಲಗೈಯಲ್ಲಿ ಪುಟ್ಟ ಮರದ ಸುತ್ತಿಗೆ. ಎದುರಿಗೆ ಸೀಮೆಸುಣ್ಣದ ಡಬ್ಬಿಗೆ ನೆಟ್ಟ ಅಡಿಪಟ್ಟಿ, ಅದರ ತುದಿಯಿಂದ ದಾರದಲ್ಲಿ ತೂಗುವ ಒಂದು ನೀಲಿ ಮಣಿ. ಗಂಟೆಯ ಅಂಚನ್ನು ಮಣಿಗೆ ತಾಗಿಸಿ ಒಂದೇಟು ಹಾಕುತ್ತಾರೆ. ಮಣಿ ಚಿಮ್ಮುತ್ತದೆ, ಬಂದು ತಾಗುತ್ತದೆ, ಮತ್ತೆ ಚಿಮ್ಮುತ್ತದೆ. ಅದರ ಕುಣಿತ ಮುಗಿಯುವ ತನಕ ನೋಡಿ, ಗಂಟೆಯನ್ನು ಬಲಗಡೆಯ ಬುಟ್ಟಿಗೆ ಇಡುತ್ತಾರೆ. ಮುಂದಿನ ಗಂಟೆಗೆ ಮಣಿ ಎರಡು ಸಲ ಹಾರಿ ಸುಮ್ಮನಾಗುತ್ತದೆ. ಅದು ಎಡಗಡೆಯ ಬುಟ್ಟಿಗೆ, ಅಂದರೆ ಮತ್ತೆ ಕುಲುಮೆಗೆ.

ಇವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ಕಿವಿಯಮ್ಮ ಎಂದು. ಮಾತಾಡಿಸಬೇಕಾದರೆ ಎದುರಿಗೆ ಬಂದು, ತುಟಿ ಕಾಣುವ ಹಾಗೆ, ನಿಧಾನವಾಗಿ ಮಾತಾಡಬೇಕು. ಹೆಸರಿಗೂ ಆಳಿಗೂ ಇರುವ ಈ ದೂರವನ್ನು ಯಾರಾದರೂ ಗಮನಿಸಿ ಮುಜುಗರಪಟ್ಟರೆ ಅವರೇ ನಕ್ಕು ಹಗುರ ಮಾಡುತ್ತಾರೆ. "ಹೆಸರಿಟ್ಟಾಗ ಕಿವಿ ಇತ್ತು. ಹೆಸರು ಹಾಗೇ ಉಳೀತು, ಕಿವಿ ಹೋಯ್ತು" ಎನ್ನುತ್ತಾರೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಕಸ ಗುಡಿಸಲು ಈ ಕಾರ್ಖಾನೆಗೆ ಬಂದವರು. ಗುಡಿಸುತ್ತಿರುವಾಗಲೇ ಬೆನ್ನ ಹಿಂದೆ ಬಾರಿಸಿದ ಗಂಟೆಯಲ್ಲಿ ಬಿರುಕಿದೆ ಎಂದು ತಿರುಗಿಯೂ ನೋಡದೆ ಹೇಳುತ್ತಿದ್ದರಂತೆ. ಆಗ ಪರೀಕ್ಷೆಯ ಮೇಜಿನಲ್ಲಿದ್ದ ಮುದುಕ ಕೆಲಸ ಬಿಡುವಾಗ ಸುತ್ತಿಗೆಯನ್ನು ಇವರ ಕೈಗೇ ಕೊಟ್ಟು ಹೋದ. ಅಂಗಡಿ ಬಾಗಿಲಿನ ಗಂಟೆ, ದೋಣಿಯ ಗಂಟೆ, ಶಾಲೆಯ ಗಂಟೆ ಎಲ್ಲವೂ ಇವರ ಕೈ ದಾಟಿಯೇ ಹೊರಗೆ ಹೋಗಬೇಕು. ದಿನಕ್ಕೆ ಮುನ್ನೂರು, ಕೆಲವೊಮ್ಮೆ ನಾನೂರು. ಬೆನ್ನಿಗೆ ಅಂಟಿಕೊಂಡಂತೆ ಕುಲುಮೆಯ ಗಾಳಿಯಂತ್ರ ಇಡೀ ದಿನ ಭೋರ್ಗರೆಯುತ್ತದೆ. ಮೂವತ್ತು ವರ್ಷ ಅದರ ಪಕ್ಕದಲ್ಲಿ ಕೂತ ಮೇಲೆ ಯಾವ ಕಿವಿ ತಾನೇ ಉಳಿದೀತು.

ಮೊದಲು ಗೊತ್ತಾದದ್ದು ಗಂಡನಿಗೆ. ಅವರು ಇದೇ ಕಾರ್ಖಾನೆಯಲ್ಲಿ ಗಂಟೆಗಳಿಗೆ ಹೊಳಪು ಕೊಡುತ್ತಾರೆ. ಒಂದು ಸಂಜೆ ಕುಕ್ಕರ್ ಕೂಗಿ ಕೂಗಿ ತಳ ಹಿಡಿದರೂ ಹೆಂಡತಿ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಾ ಕೂತಿದ್ದಳಂತೆ. ಅವರು ಒಲೆ ಆರಿಸಿದರು, ಏನೂ ಕೇಳಲಿಲ್ಲ. ಏನಾಯಿತೆಂದು ಅವರು ಕೇಳದಿದ್ದದ್ದೇ ಹೆಚ್ಚು ನೋವಾಯಿತು ಎಂದು ಕಿವಿಯಮ್ಮ ಈಗ ಹೇಳುತ್ತಾರೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಕಾರ್ಖಾನೆಯಲ್ಲಿ ಇಬ್ಬರೂ ಸುಮ್ಮನಿದ್ದರು. ಮೇಜು ಹೋದರೆ ಮತ್ತೆ ಪೊರಕೆಯೇ ಗತಿ. ಪೊರಕೆ ಹಿಡಿಯಲು ನಾಚಿಕೆಯೇನಿಲ್ಲ, ಆದರೆ ಕಿವಿಯಮ್ಮ ಎನ್ನಿಸಿಕೊಂಡು ಬಾಳಿದವರಿಗೆ ಆ ಹೆಸರನ್ನು ಕೆಳಗಿಡುವುದು ಕಷ್ಟ. ಗಂಟೆಯ ತೂಕ, ಬಣ್ಣ ನೋಡಿ ಅಂದಾಜಿನ ಮೇಲೆ ಪಾಸು ಮಾಡುತ್ತಾ ಹೋದರು.

ಅಂದಾಜು ಎಷ್ಟು ದಿನ ಕಾಯುತ್ತದೆ? ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಪಕ್ಕದ ಬೀದಿಯ ಪ್ರಾಥಮಿಕ ಶಾಲೆಯ ವಿಜ್ಞಾನದ ಮೇಷ್ಟ್ರು ಟವೆಲ್ಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಶಾಲೆಗೆ ಕೊಂಡ ಹೊಸ ಗಂಟೆ ಒಡಕು ತಪ್ಪಲೆಯ ಹಾಗೆ ಸದ್ದು ಮಾಡುತ್ತಿತ್ತು. ಯಜಮಾನರ ಕೋಣೆಗೆ ಹೋಗುವ ಬದಲು ಅವರು ಬಂದದ್ದು ಈ ಕಿಟಕಿಗೆ. ಕಿವಿಯಮ್ಮ ಗಂಟೆಯನ್ನು ಬಾರಿಸಿದರು, ಕಿವಿಗೆ ಹಿಡಿದರು, ಮತ್ತೆ ಬಾರಿಸಿದರು. ಅವರ ಮುಖ ನೋಡಿಯೇ ಮೇಷ್ಟ್ರಿಗೆ ಅರ್ಥವಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ಆತ. ಗಂಟೆಯ ಮಾತನ್ನೇ ಬಿಟ್ಟು, ನಾಳೆ ನಾಲ್ಕನೇ ತರಗತಿಗೆ ಶಬ್ದದ ಪಾಠವಿದೆ, ಒಂದು ಒಳ್ಳೆಯ ಗಂಟೆಯನ್ನೂ ಈ ಒಡಕು ಗಂಟೆಯನ್ನೂ ಹಿಡಿದು ಬನ್ನಿ ಎಂದು ಕರೆದರು.

ಈ ಮೇಷ್ಟ್ರದ್ದು ಒಂದು ಹಟ. ಪಾಠದಲ್ಲಿ ಬಂದದ್ದೆಲ್ಲ ಊರಿನ ಯಾವುದಾದರೂ ಕೆಲಸದ ಮನೆಯಲ್ಲಿ ಇದ್ದೇ ಇರುತ್ತದೆ, ಅದನ್ನು ಮಕ್ಕಳಿಗೆ ತೋರಿಸಲೇಬೇಕು ಎನ್ನುವುದು. ಅಯಸ್ಕಾಂತಕ್ಕೆ ಗುಜರಿ ಅಂಗಡಿ, ಆವಿಗೆ ಇಸ್ತ್ರಿಯ ಅಂಗಡಿ. ಗಂಟೆ ಕಾರ್ಖಾನೆ ಮಾತ್ರ ದಕ್ಕಿರಲಿಲ್ಲ. ಕುದಿಯುವ ಕಂಚಿನ ಹತ್ತಿರ ಮಕ್ಕಳೇ ಎಂದು ಯಜಮಾನರು ಗೇಟಿನಲ್ಲೇ ತಡೆದಿದ್ದರು. ಮಕ್ಕಳು ಕಾರ್ಖಾನೆಗೆ ಹೋಗಲಾಗದಿದ್ದರೆ ಕಾರ್ಖಾನೆಯೇ ಮಕ್ಕಳ ಹತ್ತಿರ ಬರಲಿ ಎಂದು ಮೇಷ್ಟ್ರ ಲೆಕ್ಕಾಚಾರ.

ಮರುದಿನ ತರಗತಿಯಲ್ಲಿ ಮೈಯೆಲ್ಲ ಕಣ್ಣಾಗಿ ಕೂತಿದ್ದವರು ಕಿವಿಯಮ್ಮ. ಮಕ್ಕಳ ಗಲಾಟೆ ಅವರಿಗೆ ಬರೀ ಬಾಯಿ ಆಡುವುದಷ್ಟೇ. ಮೇಷ್ಟ್ರು ದಾರಕ್ಕೆ ಕಟ್ಟಿದ ಮಣಿಯನ್ನು ಗಂಟೆಗೆ ತಾಗಿಸಿ ಬಾರಿಸಿದರು. ಮಣಿ ಹಾರಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು ಇವರ ಬೆರಳನ್ನು ಹಿಡಿದು ಗಂಟೆಯ ಮೇಲೆ ಇಟ್ಟಳು. ಆ ಮಣಿ ಅವಳ ಸರದ್ದೇ. "ಗಂಟೆ ನಡುಗುತ್ತಲ್ವಾ ಅಜ್ಜಿ, ಅದೇ ಸದ್ದು. ಕೇಳಿಸ್ದೇ ಇದ್ರೂ ನಡುಗುತ್ತೆ" ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದಳು.

ಕಿವಿಯಮ್ಮ ಸುತ್ತಿಗೆಯನ್ನು ಇಸಿದುಕೊಂಡು ಒಡಕು ಗಂಟೆಯನ್ನು ತಾವೇ ಬಾರಿಸಿದರು. ಮಣಿ ಎರಡು ಸಲ ಹಾರಿ ನಿಂತಿತು. ಒಳ್ಳೆಯದನ್ನು ಬಾರಿಸಿದರು. ಅದು ನಿಲ್ಲಲೇ ಇಲ್ಲ. ಮಕ್ಕಳ ಮುಂದೆ ಅಳಬಾರದು ಎಂದುಕೊಂಡರೂ ಅತ್ತುಬಿಟ್ಟರಂತೆ. ಹೊರಡುವಾಗ ಅವರು ಕೇಳಿದ್ದು ಒಂದೇ, ಆ ಮಣಿ. ಇಡೀ ತರಗತಿ ಸೇರಿ ಅಡಿಪಟ್ಟಿ, ಡಬ್ಬಿ, ಗೋಂದು ಎಲ್ಲ ಹೊಂದಿಸಿ ಸ್ಟ್ಯಾಂಡನ್ನೇ ಮಾಡಿಕೊಟ್ಟಿತು.

ಅದನ್ನು ಹಿಡಿದು ನೆಟ್ಟಗೆ ಯಜಮಾನರ ಕೋಣೆಗೆ ಹೋದರು. ಕಿವಿ ಹೋಗಿರುವುದನ್ನೂ, ಶಾಲೆಗೆ ಒಡಕು ಗಂಟೆ ಹೋದದ್ದನ್ನೂ ತಾವೇ ಹೇಳಿದರು. ಯಜಮಾನರು ಒಂದು ಬುಟ್ಟಿಯಲ್ಲಿ ಒಳ್ಳೆಯವನ್ನೂ ಒಡಕನ್ನೂ ಬೆರೆಸಿ ತಂದು ಮುಂದಿಟ್ಟರು. "ನಡುಗ್ತಿರೋದು ಗಂಟೆನೋ ನಾನೋ ಅಂತಲೇ ಗೊತ್ತಾಗ್ಲಿಲ್ಲ" ಎಂದು ಕಿವಿಯಮ್ಮ ನೆನೆಯುತ್ತಾರೆ. ಒಡಕೆಲ್ಲ ಎಡಗಡೆಗೆ ಬಂದವು. ಮೇಜು ಉಳಿಯಿತು.

ಮಣಿಗೆ ಎಲ್ಲವೂ ತಿಳಿಯುವುದಿಲ್ಲ ಎಂಬುದನ್ನು ಅವರು ಮುಚ್ಚಿಡುವುದಿಲ್ಲ. ಬಿರುಕನ್ನು ಅದು ಹೇಳುತ್ತದೆ, ಸ್ವರವನ್ನು ಹೇಳುವುದಿಲ್ಲ. ಒಂದೇ ಸ್ವರದ ಜೋಡಿ ಗಂಟೆ ಬೇಕೆಂದರೆ ಪಕ್ಕದ ಮೇಜಿನ ಹುಡುಗಿಯನ್ನು ಕರೆಯುತ್ತಾರೆ. ಆ ಹುಡುಗಿ ಉಳಿದ ಹೊತ್ತೆಲ್ಲ ಕಿವಿಗೆ ಹತ್ತಿ ತುರುಕಿಕೊಂಡಿರಬೇಕು, ಇದು ಕಿವಿಯಮ್ಮನ ಕಟ್ಟಪ್ಪಣೆ. ಮರೆತರೆ ಬೈಗುಳ ಗ್ಯಾರಂಟಿ, ಹತ್ತಿ ಇಲ್ಲದ್ದರಿಂದ ಅದು ಚೆನ್ನಾಗಿಯೇ ಕೇಳಿಸುತ್ತದೆ.

ಈಗ ಶಬ್ದದ ಪಾಠ ಬಂದಾಗ ನಾಲ್ಕನೇ ತರಗತಿ ಈ ಕಿಟಕಿಯ ಹೊರಗೆ ಸಾಲುಗಟ್ಟುತ್ತದೆ. ಕುಲುಮೆಯ ಬಾಗಿಲು ಇನ್ನೂ ಮುಚ್ಚಿಯೇ ಇರುತ್ತದೆ, ಆದರೆ ಗೇಟು ತೆರೆದಿದೆ. ಪ್ರತಿ ಮಗುವೂ ಒಂದೊಂದು ಗಂಟೆಯನ್ನು ಪರೀಕ್ಷಿಸಿ ಬಲಕ್ಕೋ ಎಡಕ್ಕೋ ಇಡಬೇಕು. ಸವೆದ ದಾರವನ್ನು ಬದಲಿಸಿ ಕಟ್ಟುವ ಹಕ್ಕೂ ಆ ತರಗತಿಯದ್ದೇ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಕೆಲಸ ಮುಗಿಸಿ ಶಾಲೆಯ ಕಡೆ ನಡೆಯುತ್ತಾರೆ. ಆ ಒಡಕು ಗಂಟೆಯನ್ನು ಕರಗಿಸಿ ಮತ್ತೆ ಎರಕ ಹೊಯ್ದು, ಅದೇ ಕಂಚಿಗೆ ಗಂಡನೇ ಹೊಳಪು ಕೊಟ್ಟು, ಇವರೇ ಪಾಸು ಮಾಡಿದ ಗಂಟೆ ಅಲ್ಲಿ ತೂಗುತ್ತಿದೆ. ಸಂಜೆ ಶಾಲೆಯ ಗೇಟಿನ ಎದುರು ನಿಂತು ಒಂದು ಸಲ ಅದನ್ನು ನೋಡಿಕೊಂಡೇ ಮನೆಗೆ ಹೋಗುವುದು ಅವರ ರೂಢಿ. ಜವಾನ ಹಗ್ಗ ಎಳೆಯುತ್ತಾನೆ. ಕಿವಿಯಮ್ಮನಿಗೆ ಏನೂ ಕೇಳಿಸುವುದಿಲ್ಲ. ಮರುಗಳಿಗೆಗೆ ಬಾಗಿಲುಗಳೆಲ್ಲ ತೆರೆದು ಮಕ್ಕಳು ಅಂಗಳದ ತುಂಬ ಚಿಮ್ಮುತ್ತಾರೆ, ಒಬ್ಬರಿಗೊಬ್ಬರು ತಾಗಿ ಮತ್ತೆ ಚಿಮ್ಮುತ್ತಾರೆ.

"ನೋಡಿ, ಎಷ್ಟು ಹೊತ್ತಾದ್ರೂ ನಿಲ್ತಾ ಇಲ್ಲ" ಎನ್ನುತ್ತಾರೆ ಅವರು. "ಗಂಟೆ ಚೆನ್ನಾಗಿದೆ."